ಬ್ಯಾಟರಿಯನ್ನು ದೂಷಿಸುವ ಮುನ್ನ

“ಹೊಸ ಬ್ಯಾಟರಿ ಹಾಕಿಸಿ ಮೂರು ತಿಂಗಳು ತುಂಬಿಲ್ಲ, ಬೆಳಗ್ಗೆ ಕೀಲಿ ತಿರುಗಿಸಿದರೆ ಟಿಕ್ಕೆಂಬ ಸದ್ದಲ್ಲದೆ ಬೇರೇನೂ ಇಲ್ಲ.” ಹಳೆಯ ಕಾರನ್ನು ಇನ್ನೂ ಪ್ರೀತಿಯಿಂದ ಇಟ್ಟುಕೊಂಡು ಬಂದಿರುವ ಮನೆಗಳಲ್ಲಿ ಮೇಲಿಂದ ಮೇಲೆ ಕೇಳಿಬರುವ ಮಾತು ಇದು. ಈ ತಿಂಗಳ ಅಂಕಣದಲ್ಲಿ ಇದನ್ನೇ ವಿಚಾರಕ್ಕೆ ಎತ್ತಿಕೊಂಡಿದ್ದೇವೆ.

ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲಿ ಉತ್ತರಪಾಡಾ ಕಾರ್ಖಾನೆಯಲ್ಲಿ ನಿಂತಿತು. ಪ್ರೀಮಿಯರ್ ಪದ್ಮಿನಿ ಅದಕ್ಕೂ ಎಷ್ಟೋ ವರ್ಷ ಮೊದಲೇ ಮರೆಯಾಯಿತು. ಮುಂಬಯಿಯ ಬೀದಿಗಳಲ್ಲಿ ಉಳಿದಿದ್ದ ಕೊನೆಯ ಪದ್ಮಿನಿ ಟ್ಯಾಕ್ಸಿಯೂ 2023ರ ಅಕ್ಟೋಬರದಲ್ಲಿ ವಿಶ್ರಾಂತಿ ಪಡೆಯಿತು. 1983ರಲ್ಲಿ ಬಂದ ಮಾರುತಿ 800 ಸಹ ಈಗ ಹಳೆಯ ಕಾರುಗಳ ಪಂಕ್ತಿಗೆ ಸೇರಿದೆ. ಹೀಗಿದ್ದರೂ ನಮ್ಮ ಕಡೆಯ ತೋಟದ ಮನೆಗಳ ಕೊಟ್ಟಿಗೆಯ ಪಕ್ಕದಲ್ಲಿ, ತಗಡಿನ ಮಾಡಿನ ಕೆಳಗೆ, ಇವುಗಳಲ್ಲಿ ಯಾವುದಾದರೊಂದು ಇಂದಿಗೂ ಸೇವೆಗೆ ಸಿದ್ಧವಾಗಿ ನಿಂತಿರುವುದುಂಟು. ಅದು ಕೇವಲ ಅಲಂಕಾರಕ್ಕಾಗಿ ನಿಂತಿರುವುದಲ್ಲ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರು. ದೊಡ್ಡ ಕಾಯಿಲೆಗೆ, ಕಷ್ಟದ ಹೆರಿಗೆಗೆ ಗಡಿಯಾಚೆಯ ಆ ಊರಿನ ಆಸ್ಪತ್ರೆಗಳೇ ನಮ್ಮಲ್ಲಿ ಅನೇಕರಿಗೆ ಗತಿ. 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯ ರಸ್ತೆ ಮುಚ್ಚಿದಾಗ ಈ ಅವಲಂಬನೆ ಎಷ್ಟು ಆಳವಾದುದೆಂಬುದು ಎಲ್ಲರಿಗೂ ಮನದಟ್ಟಾಯಿತು. ರಸ್ತೆ ತೆರೆದಿರುವಾಗಲೂ, ನಡುರಾತ್ರಿಯಲ್ಲಿ ರೋಗಿಯನ್ನು ಕೂರಿಸಿಕೊಂಡು ಹೊರಡಬೇಕಾದ ಗಳಿಗೆಯಲ್ಲಿ ಕಾರು ಹೊರಡದಿದ್ದರೆ ಅದರ ಬೆಲೆಯನ್ನು ರೂಪಾಯಿಯಲ್ಲಿ ಅಳೆಯಲಾಗದು.

ಆದುದರಿಂದ ಬ್ಯಾಟರಿಗೆ ವಿದ್ಯುತ್ತು ತುಂಬುವ ವ್ಯವಸ್ಥೆಯನ್ನು ಮನೆಯವರೇ ಒಂದಿಷ್ಟು ಅರಿತಿರುವುದು ಲೇಸು. ಬ್ಯಾಟರಿ ಬರಿದಾಯಿತೆಂದ ಮಾತ್ರಕ್ಕೆ ಬ್ಯಾಟರಿಯೇ ಕೆಟ್ಟಿತೆಂದು ಅರ್ಥವಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ಸಡಿಲವಾದ ಬೆಲ್ಟಿನ ತಪ್ಪಿಗೆ ಸಾವಿರಾರು ರೂಪಾಯಿಯ ಬ್ಯಾಟರಿಯನ್ನು ಕಿತ್ತೆಸೆಯುವುದು ನಡೆದೇ ಇದೆ.

ತೋಟದ ಪಂಪಿನ ಹೋಲಿಕೆ

ಅಡಕೆ ತೋಟವುಳ್ಳವರಿಗೆ ಈ ವ್ಯವಸ್ಥೆಯನ್ನು ವಿವರಿಸುವುದು ಸುಲಭ. ಬಾವಿಯ ನೀರನ್ನು ಪಂಪು ಎತ್ತುತ್ತದೆ. ನೀರು ಮೇಲಿನ ಟಾಂಕಿಯಲ್ಲಿ ನಿಲ್ಲುತ್ತದೆ. ಅಲ್ಲಿಂದ ತೋಟಕ್ಕೆ ಹರಿಯುತ್ತದೆ. ಕಾರಿನಲ್ಲಿ ಬ್ಯಾಟರಿಯೆಂಬುದು ಟಾಂಕಿ. ಡೈನಮೋ ಅಥವಾ ಆಲ್ಟರ್ನೇಟರ್ ಎಂಬುದು ಪಂಪು. ಎಂಜಿನ್ನಿನ ಮುಂಭಾಗದಲ್ಲಿ ಸುತ್ತುವ ಫ್ಯಾನ್ ಬೆಲ್ಟು ಆ ಪಂಪನ್ನು ತಿರುಗಿಸುತ್ತದೆ. ಟಾಂಕಿ ತುಂಬಿ ಹೊರಚೆಲ್ಲದಂತೆ ನೋಡಿಕೊಳ್ಳುವುದು ರೆಗ್ಯುಲೇಟರ್. ಪಂಪು ನಿಂತಾಗ ನೀರು ಮರಳಿ ಬಾವಿಗಿಳಿಯದಂತೆ ತಡೆಯುವ ಫುಟ್ ವಾಲ್ವಿನ ಕೆಲಸವನ್ನು ಡೈನಮೋ ಇರುವ ಕಾರಿನಲ್ಲಿ ಕಟೌಟ್ ಎಂಬ ಉಪಕರಣವೂ, ಆಲ್ಟರ್ನೇಟರ್ ಇರುವ ಕಾರಿನಲ್ಲಿ ಅದರೊಳಗಿನ ಡಯೋಡುಗಳೂ ಮಾಡುತ್ತವೆ.

ಟಾಂಕಿ ಬರಿದಾದರೆ ಕಾರಣಗಳು ನಾಲ್ಕೇ. ಟಾಂಕಿಯೇ ಸೀಳಿರಬೇಕು, ಪಂಪು ಎತ್ತದಿರಬೇಕು, ನಡುವಿನ ಕೊಳವೆಯಲ್ಲಿ ತಡೆಯಿರಬೇಕು, ಇಲ್ಲವೇ ಎಲ್ಲಿಯೋ ಸೋರಿಕೆಯಿರಬೇಕು. ಕಾರಿನ ಪರೀಕ್ಷೆಯೂ ಈ ನಾಲ್ಕನ್ನು ಒಂದೊಂದಾಗಿ ತಳ್ಳಿಹಾಕುತ್ತ ಹೋಗುವುದಲ್ಲದೆ ಬೇರೆಯಲ್ಲ. ಅದಕ್ಕೆ ಬೇಕಾದ ಸಾಧನವೂ ದೊಡ್ಡದಲ್ಲ. ಇಂದು ಕೆಲವು ನೂರು ರೂಪಾಯಿಗೆ ದೊರೆಯುವ, ಅಂಕೆಗಳನ್ನು ತಾನೇ ತೋರಿಸುವ ಮಲ್ಟಿಮೀಟರ್ ಒಂದು ಸಾಕು.

ಕೈಹಾಕುವ ಮೊದಲು ಎಚ್ಚರಿಕೆ

ಬ್ಯಾಟರಿಯಲ್ಲಿರುವುದು ಗಂಧಕಾಮ್ಲ. ವಿದ್ಯುತ್ತು ತುಂಬುವಾಗ ಅದರಿಂದ ಜಲಜನಕ ಅನಿಲ ಹೊರಡುತ್ತದೆ. ಬೀಡಿಯ ಕಿಡಿಯೊಂದು ಸಾಕು ಅದು ಸಿಡಿಯಲು. ಆದುದರಿಂದ ಗಾಳಿಯಾಡುವ ಜಾಗದಲ್ಲಿ ಕೆಲಸ ಮಾಡತಕ್ಕದ್ದು. ಕೈಯ ಉಂಗುರ, ಲೋಹದ ಗಡಿಯಾರಗಳನ್ನು ತೆಗೆದಿಡಬೇಕು. ಉಟ್ಟ ಮುಂಡು, ಹೆಗಲ ಶಾಲು, ಸೀರೆಯ ಸೆರಗು ತಿರುಗುವ ಫ್ಯಾನಿನ ಹತ್ತಿರ ಸುಳಿಯಕೂಡದು. ಎಂಜಿನ್ನನ್ನು ಓಡಿಸಿ ನೋಡುವಾಗ ಗೇರು ನ್ಯೂಟ್ರಲ್ಲಿನಲ್ಲಿಯೂ ಕೈಬ್ರೇಕು ಬಿಗಿದೂ ಇರಬೇಕು. ಬ್ಯಾಟರಿಯ ತಂತಿ ಬಿಚ್ಚುವಾಗ ಕಾರಿನ ಒಡಲಿಗೆ ಸೇರಿದ ಅರ್ತ್ ತಂತಿಯನ್ನು ಮೊದಲು ಬಿಚ್ಚಿ, ಜೋಡಿಸುವಾಗ ಅದನ್ನೇ ಕೊನೆಯಲ್ಲಿ ಜೋಡಿಸಬೇಕು. ಸಾಮಾನ್ಯವಾಗಿ ಅದು ಋಣ ಧ್ರುವದ ತಂತಿ. ಬಹಳ ಹಳೆಯ ಕೆಲವು ಕಾರುಗಳಲ್ಲಿ ಧನ ಧ್ರುವವೇ ಒಡಲಿಗೆ ಸೇರಿರುವುದುಂಟು. ಅಂಥ ಕಾರಿಗೆ ಬ್ಯಾಟರಿ ಬದಲಿಸುವಾಗ ಧ್ರುವ ಅದಲುಬದಲಾಗದಂತೆ ನೋಡಿಕೊಳ್ಳಬೇಕು.

ಕೆಂಪು ದೀಪ ಹೇಳುವ ಮಾತು

ಚಾಲಕನ ಕಣ್ಣೆದುರಿನಲ್ಲಿರುವ ಪುಟ್ಟ ಕೆಂಪು ದೀಪ ಈ ವ್ಯವಸ್ಥೆಯ ನಾಡಿ. ಕೀಲಿ ತಿರುಗಿಸಿದೊಡನೆ ಅದು ಉರಿಯಬೇಕು. ಎಂಜಿನ್ನು ಓಡಿ ವೇಗ ಏರಿದೊಡನೆ ಆರಬೇಕು. ಆ ದೀಪದ ಒಂದು ತುದಿ ಬ್ಯಾಟರಿಯ ಕಡೆಗೂ ಇನ್ನೊಂದು ತುದಿ ಡೈನಮೋವಿನ ಕಡೆಗೂ ಇರುತ್ತದೆ. ಎರಡೂ ಕಡೆಯ ವೋಲ್ಟೇಜು ಸಮನಾದಾಗ ದೀಪ ಆರುತ್ತದೆ. ಇಷ್ಟನ್ನು ನೆನಪಿಟ್ಟರೆ ದೀಪದ ಮಾತು ತಿಳಿಯುತ್ತದೆ.

ಕೀಲಿ ತಿರುಗಿಸಿದಾಗ ದೀಪ ಉರಿಯಲೇ ಇಲ್ಲವೆನ್ನಿ. ಬಲ್ಬು ಸುಟ್ಟಿರಬಹುದು, ತಂತಿ ಕಳಚಿರಬಹುದು. ಡೈನಮೋ ಇರುವ ಕಾರಿನಲ್ಲಿ ಬಲ್ಬು ಸುಟ್ಟರೆ ಸೂಚನೆ ತಪ್ಪುತ್ತದೆಯೇ ಹೊರತು ಚಾರ್ಜಿಗೆ ಅಡ್ಡಿಯಿಲ್ಲ. ಆದರೆ ಅನೇಕ ಆಲ್ಟರ್ನೇಟರುಗಳಲ್ಲಿ ಆ ಬಲ್ಬಿನ ಮೂಲಕ ಹರಿಯುವ ಅಲ್ಪ ಪ್ರವಾಹವೇ ಯಂತ್ರವನ್ನು ಮೊದಲು ಎಚ್ಚರಿಸತಕ್ಕದ್ದು. ಬಲ್ಬು ಸುಟ್ಟರೆ ಆಲ್ಟರ್ನೇಟರು ಸುಮ್ಮನೆ ತಿರುಗುತ್ತಿರುತ್ತದೆ, ಏನನ್ನೂ ಉತ್ಪಾದಿಸುವುದಿಲ್ಲ. ಅಲ್ಪಬೆಲೆಯ ಬಲ್ಬೊಂದಕ್ಕಾಗಿ ಆಲ್ಟರ್ನೇಟರನ್ನೇ ಬಿಚ್ಚಿಸುವ ಪ್ರಸಂಗ ಹೀಗೆ ಒದಗುತ್ತದೆ.

ಎಂಜಿನ್ನು ಓಡುತ್ತಿದ್ದರೂ ದೀಪ ಆರದಿದ್ದರೆ ಪಂಪು ಎತ್ತುತ್ತಿಲ್ಲವೆಂದರ್ಥ. ನಡುದಾರಿಯಲ್ಲಿ ಈ ದೀಪ ಹತ್ತಿ, ಅದರ ಜೊತೆಗೆ ಶಾಖದ ಮುಳ್ಳೂ ಏರತೊಡಗಿದರೆ ಕೂಡಲೇ ಕಾರನ್ನು ಬದಿಗೆ ನಿಲ್ಲಿಸಬೇಕು. ಅಂಬಾಸಿಡರಿನಂಥ ಕಾರುಗಳಲ್ಲಿ ಡೈನಮೋವನ್ನೂ ನೀರಿನ ಪಂಪನ್ನೂ ತಿರುಗಿಸುವುದು ಒಂದೇ ಬೆಲ್ಟು. ಅದು ಕಡಿದಿದ್ದರೆ ಮುಂದುವರಿದಷ್ಟೂ ಎಂಜಿನ್ನು ಬೇಯುತ್ತದೆ. ಶಾಖ ಏರದೆ ದೀಪ ಮಾತ್ರ ಉರಿಯುತ್ತಿದ್ದರೆ, ಅನಾವಶ್ಯಕ ದೀಪಗಳನ್ನು ಆರಿಸಿ, ಬ್ಯಾಟರಿಯಲ್ಲಿ ಉಳಿದಿರುವ ಶಕ್ತಿಯಿಂದಲೇ ಹಗಲಿನಲ್ಲಿ ಸಾಕಷ್ಟು ದೂರ ಸಾಗಬಹುದು. ನಡುವೆ ಎಂಜಿನ್ನು ಮಾತ್ರ ನಿಲ್ಲಿಸಬಾರದು.

ಡೈನಮೋ ಕಾರಿನಲ್ಲಿ ಎಂಜಿನ್ನು ನಿಧಾನವಾಗಿ ಓಡುವಾಗ ದೀಪ ಮಿಣುಕಿದರೆ ಹೆದರಬೇಕಾದುದಿಲ್ಲ, ಅದು ಸಹಜ. ವೇಗದಲ್ಲಿಯೂ ಮಂದವಾಗಿ ಉರಿಯುತ್ತಿದ್ದರೆ ಎಲ್ಲಿಯೋ ತಂತಿಯ ಕೀಲು ಕಿಲುಬು ಹಿಡಿದಿದೆ, ಅಥವಾ ಡಯೋಡೊಂದು ಕೆಟ್ಟಿದೆ. ಕೀಲಿ ತೆಗೆದ ಮೇಲೂ ದೀಪ ಉರಿಯುತ್ತಿದ್ದರೆ ಅದು ತುರ್ತು ಸೂಚನೆ: ಫುಟ್ ವಾಲ್ವು ಕೆಟ್ಟು ಬ್ಯಾಟರಿ ಹಿಂದಕ್ಕೆ ಹರಿಯುತ್ತಿದೆ. ಒಡನೆ ಬ್ಯಾಟರಿಯ ತಂತಿ ಬಿಚ್ಚಬೇಕು. ತಡಮಾಡಿದರೆ ತಂತಿಗಳು ಕಾದು ಹೊಗೆಯಾಡಬಹುದು.

ಕಣ್ಣು ಮತ್ತು ಕೈಯ ಪರೀಕ್ಷೆ

ಮೀಟರನ್ನು ತೆಗೆಯುವ ಮುನ್ನ ಬೆಲ್ಟನ್ನು ನೋಡಬೇಕು. ಎರಡು ಗಾಲಿಗಳ ನಡುವಿನ ಉದ್ದವಾದ ಭಾಗವನ್ನು ಹೆಬ್ಬೆರಳಿನಿಂದ ಒತ್ತಿದರೆ ಅದು ಸುಮಾರು ಅರ್ಧ ಅಂಗುಲ ತಗ್ಗಬೇಕು. ಹೆಚ್ಚು ತಗ್ಗಿದರೆ ಬೆಲ್ಟು ಜಾರುತ್ತದೆ. ಸ್ವಲ್ಪವೂ ತಗ್ಗದಿದ್ದರೆ ಡೈನಮೋವಿನ ಮತ್ತು ನೀರಿನ ಪಂಪಿನ ಬೇರಿಂಗುಗಳು ಬೇಗನೆ ಸವೆಯುತ್ತವೆ. ಬೆಲ್ಟಿನ ಒಳಮೈ ಕನ್ನಡಿಯಂತೆ ಹೊಳೆಯುತ್ತಿದ್ದರೆ, ಬಿರುಕು ಬಿಟ್ಟಿದ್ದರೆ, ಎಣ್ಣೆ ಕುಡಿದಿದ್ದರೆ ಬದಲಿಸುವುದೇ ಸರಿ. ಮಳೆಯಲ್ಲಿ ದೀಪ ಹಾಕಿದೊಡನೆ ಕೇಳಿಬರುವ ಕೀರಲು ಸದ್ದು ಬೆಲ್ಟು ಜಾರುತ್ತಿರುವುದರ ದೂರು.

ಅನಂತರ ಬ್ಯಾಟರಿಯ ಕೊನೆಗಳು. ಬಿಳಿ ಇಲ್ಲವೇ ಹಸುರು ಬೂಷ್ಟಿನಂಥ ಕಿಲುಬು ಅಲ್ಲಿ ಬೆಳೆದಿದ್ದರೆ ಅದೇ ಕೊಳವೆಯ ತಡೆ. ಒಂದು ಚಮಚೆ ಅಡುಗೆ ಸೋಡಾವನ್ನು ಬಿಸಿನೀರಿನಲ್ಲಿ ಕರಗಿಸಿ ಮೇಲಿನಿಂದ ತೊಳೆದರೆ ಕಿಲುಬು ನೊರೆಯಾಗಿ ಹೋಗುತ್ತದೆ. ಆ ನೀರು ಬ್ಯಾಟರಿಯೊಳಕ್ಕೆ ಇಳಿಯದಂತೆ ಮುಚ್ಚಳಗಳು ಬಿಗಿದಿರಲಿ. ಒಣಗಿಸಿ, ಉಜ್ಜಿ, ತಂತಿಗಳನ್ನು ಬಿಗಿಯಾಗಿ ಜೋಡಿಸಿ, ಮೇಲಿನಿಂದ ವ್ಯಾಸಲೀನು ಸವರಬೇಕು.

ಅರ್ತ್ ತಂತಿಯನ್ನು ಮರೆಯುವವರೇ ಹೆಚ್ಚು. ಎಂಜಿನ್ನು ರಬ್ಬರಿನ ಮೆತ್ತೆಗಳ ಮೇಲೆ ಕುಳಿತಿರುವುದರಿಂದ ಅದನ್ನು ಕಾರಿನ ಒಡಲಿಗೆ ಕೂಡಿಸಲು ಹೆಣೆದ ತಾಮ್ರದ ಪಟ್ಟಿಯೊಂದು ಇರುತ್ತದೆ. ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಕಡಲಿನ ಉಪ್ಪುಗಾಳಿ ಬೀಸುವ ನಮ್ಮ ನೆಲದಲ್ಲಿ ಈ ಪಟ್ಟಿ ಬಲುಬೇಗ ತುಕ್ಕಿಗೂ ಕಿಲುಬಿಗೂ ತುತ್ತಾಗುತ್ತದೆ. ಇದು ಕಡಿದಾಗ ಸ್ಟಾರ್ಟರಿನ ಅಪಾರ ಪ್ರವಾಹ ಮರಳಲು ಬೇರೆ ದಾರಿ ಹುಡುಕುತ್ತದೆ. ಚೋಕಿನ ಅಥವಾ ಆಕ್ಸಿಲರೇಟರಿನ ಉಕ್ಕಿನ ತಂತಿಯ ಮೂಲಕ ಹರಿಯುತ್ತದೆ. ಸ್ಟಾರ್ಟು ಮಾಡಲು ಹೆಣಗಿದ ಮೇಲೆ ಚೋಕಿನ ಹಿಡಿ ಬಿಸಿಯಾಗಿದ್ದರೆ ಕಾರಣ ಇದೇ.

ಟಾಂಕಿಯ ಪರೀಕ್ಷೆ

ಬ್ಯಾಟರಿ ಚಾರ್ಜಾಗುವುದೋ ಇಲ್ಲವೋ ಎಂದು ತಿಳಿಯಬೇಕಾದರೆ ಬ್ಯಾಟರಿ ಮೊದಲು ನೆಟ್ಟಗಿರಬೇಕು. ಹನ್ನೆರಡು ವೋಲ್ಟಿನ ಬ್ಯಾಟರಿಯಲ್ಲಿ ಆರು ಕೋಶಗಳು. ತುಂಬಿದ ಕೋಶವೊಂದಕ್ಕೆ 2.1 ವೋಲ್ಟಿನಂತೆ ಒಟ್ಟು 12.6. ಕಾರು ಓಡಿ ನಿಂತೊಡನೆ ಅಳೆದರೆ ಅಂಕೆ ಹೆಚ್ಚಾಗಿ ತೋರಿ ಮೋಸಮಾಡುತ್ತದೆ. ಒಂದು ರಾತ್ರಿ ಕಳೆದ ಮೇಲೆ ಅಳೆಯುವುದು ಮೇಲು. ಆಗ 12.6 ಬಂದರೆ ತುಂಬಿದ ಕೊಡ. 12.4 ಬಂದರೆ ಮುಕ್ಕಾಲು, 12.2 ಬಂದರೆ ಅರ್ಧ, 12.0 ಬಂದರೆ ಕಾಲು, 11.8ಕ್ಕೆ ಇಳಿದರೆ ಬರಿದು. ಸುಮಾರು 10.5ರಲ್ಲಿಯೇ ನಿಂತು, ಹೊರಗಿನಿಂದ ಚಾರ್ಜು ಮಾಡಿದರೂ ಮೇಲೇರದಿದ್ದರೆ ಒಂದು ಕೋಶ ಸತ್ತಿದೆ; ಅದಕ್ಕೆ ಔಷಧಿಯಿಲ್ಲ.

ಮುಚ್ಚಳ ತೆರೆಯಬಹುದಾದ ಬ್ಯಾಟರಿಯಾದರೆ ಹೈಡ್ರಾಮೀಟರಿನ ಸಾಕ್ಷ್ಯ ಇನ್ನೂ ಬಲವಾದುದು. ತುಂಬಿದ ಕೋಶದ ಆಮ್ಲದ ಸಾಂದ್ರತೆ ಸುಮಾರು 1.250ರಿಂದ 1.280, ಬರಿದಾದಾಗ 1.120ರ ಸಮೀಪ. ಐದು ಕೋಶಗಳು ಸಮನಾಗಿದ್ದು ಒಂದು ಮಾತ್ರ ಬಹಳ ತಗ್ಗಿದ್ದರೆ ರೋಗ ಬ್ಯಾಟರಿಯೊಳಗೇ ಇದೆ. ಆರೂ ಸಮನಾಗಿ ತಗ್ಗಿದ್ದರೆ ಬ್ಯಾಟರಿ ನಿರಪರಾಧಿ. ಅದಕ್ಕೆ ಉಣಿಸುವವರಿಲ್ಲ ಅಷ್ಟೆ. ಈ ಒಂದು ಭೇದವನ್ನು ತಿಳಿದರೆ ಎಷ್ಟೋ ಹಣ ಉಳಿಯುತ್ತದೆ.

ಕೊನೆಗೆ, ಒಬ್ಬರು ಸ್ಟಾರ್ಟು ಮಾಡುತ್ತಿರುವಾಗ ಇನ್ನೊಬ್ಬರು ಮೀಟರು ನೋಡಲಿ. ತುಂಬಿದ ಬ್ಯಾಟರಿಯ ವೋಲ್ಟೇಜು ಆ ಹೊತ್ತಿನಲ್ಲಿಯೂ 9.6ಕ್ಕಿಂತ ಕೆಳಗಿಳಿಯಬಾರದು. ಇಳಿದರೆ ಬ್ಯಾಟರಿಗೆ ಮುಪ್ಪು ಬಂದಿದೆ.

ಬ್ಯಾಟರಿಗೆ ಬಟ್ಟಿ ಇಳಿಸಿದ ನೀರನ್ನಷ್ಟೇ ಹಾಕಬೇಕು. ಸುರಂಗದ ನೀರು ಎಷ್ಟೇ ತಿಳಿಯಾಗಿದ್ದರೂ ಕುಡಿಯಲು ಅಮೃತವಾದರೂ ಬ್ಯಾಟರಿಗೆ ಅದು ಹಿತವಲ್ಲ. ಅದರಲ್ಲಿ ಕರಗಿದ ಲವಣಗಳು ಫಲಕಗಳನ್ನು ಕೆಡಿಸುತ್ತವೆ. ಆಮ್ಲವನ್ನಂತೂ ಎಂದಿಗೂ ಮನೆಯಲ್ಲಿ ಸುರಿಯಕೂಡದು.

ಪಂಪಿನ ಪರೀಕ್ಷೆ

ಈಗ ಎಂಜಿನ್ನನ್ನು ಓಡಿಸಿ, ಎಲ್ಲ ದೀಪಗಳನ್ನು ಆರಿಸಿ, ವೇಗವನ್ನು ಮಧ್ಯಮಕ್ಕೆ ಏರಿಸಿ ಬ್ಯಾಟರಿಯ ಕೊನೆಗಳಲ್ಲಿ ಅಳೆಯಿರಿ. ಆರೋಗ್ಯವಂತ ಕಾರಿನಲ್ಲಿ ಮೀಟರು 13.8ರಿಂದ 14.4 ವೋಲ್ಟಿನವರೆಗೆ ತೋರಿಸುತ್ತದೆ. ಮೊದಲಿದ್ದ ಅಂಕೆಯೇ ಉಳಿದರೆ, ಇಲ್ಲವೇ ಮೆಲ್ಲಮೆಲ್ಲನೆ ಇಳಿದರೆ ಚಾರ್ಜು ಆಗುತ್ತಿಲ್ಲ. 14.8ನ್ನು ದಾಟಿ 15ರ ಕಡೆಗೆ ಹೋದರೆ ರೆಗ್ಯುಲೇಟರು ಕಡಿವಾಣ ಬಿಟ್ಟಿದೆ. ಅತಿಯಾದ ಚಾರ್ಜು ಕಡಿಮೆಯಾದುದರಷ್ಟೇ ಕೆಟ್ಟದು: ಬ್ಯಾಟರಿಯ ನೀರು ಕುದಿದು ಬತ್ತುತ್ತದೆ, ಕೊಳೆತ ಮೊಟ್ಟೆಯ ವಾಸನೆ ಬರಬಹುದು, ದೀಪಗಳ ಬಲ್ಬುಗಳು ಒಂದರ ಮೇಲೊಂದರಂತೆ ಸುಡುತ್ತವೆ. ವಾರಕ್ಕೊಮ್ಮೆ ನೀರು ಕೇಳುವ ಬ್ಯಾಟರಿಯನ್ನು ಕಂಡರೆ ರೆಗ್ಯುಲೇಟರನ್ನು ಶಂಕಿಸಬೇಕು.

ಮೊದಲ ಅಂಕೆ ಸರಿಯಿದ್ದರೆ ಹೆಡ್‌ಲೈಟು, ವೈಪರುಗಳನ್ನು ಹಾಕಿ ಮತ್ತೆ ನೋಡಿ. ಮಧ್ಯಮ ವೇಗದಲ್ಲಿ ಅದು 13 ವೋಲ್ಟಿನ ಮೇಲೆಯೇ ನಿಲ್ಲಬೇಕು. ನಿಲ್ಲದಿದ್ದರೆ ಪಂಪಿಗೆ ಶಕ್ತಿ ಸಾಲದು ಅಥವಾ ಕೊಳವೆಯಲ್ಲಿ ತಡೆಯಿದೆ. ತಡೆಯನ್ನು ಹುಡುಕುವುದು ಹೀಗೆ: ದೀಪಗಳು ಉರಿಯುತ್ತಿರುವಾಗಲೇ ಮೀಟರಿನ ಒಂದು ಕಡ್ಡಿಯನ್ನು ಆಲ್ಟರ್ನೇಟರಿನ ದಪ್ಪ ತಂತಿಯ ತಿರುಪಿಗೂ ಇನ್ನೊಂದನ್ನು ಬ್ಯಾಟರಿಯ ಧನ ಧ್ರುವಕ್ಕೂ ಮುಟ್ಟಿಸಿ. ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ಆ ದಾರಿಯಲ್ಲಿ ಎಲ್ಲಿಯೋ ಕಿಲುಬಿದೆ. ಹಾಗೆಯೇ ಎಂಜಿನ್ನಿನ ಬರಿಯ ಲೋಹಕ್ಕೂ ಬ್ಯಾಟರಿಯ ಋಣ ಧ್ರುವಕ್ಕೂ ಮುಟ್ಟಿಸಿ, 0.2 ವೋಲ್ಟಿಗಿಂತ ಹೆಚ್ಚಿದ್ದರೆ ಅರ್ತ್ ಪಟ್ಟಿಯ ದೋಷ. ತಂತಿಯನ್ನು ಉಜ್ಜಿ ಬಿಗಿದರೆ ಮುಗಿಯುವ ಕೆಲಸಕ್ಕೆ ಹೊಸ ಸಾಮಾನು ಕೊಳ್ಳಬೇಕಾಗಿಲ್ಲ.

ಡೈನಮೋ ಇರುವ ಕಾರಿಗೆ ಇನ್ನೊಂದು ಹಳೆಯ, ನಂಬಿಕೆಯ ಪರೀಕ್ಷೆಯಿದೆ. ಅನೇಕ ಹಳೆಯ ಅಂಬಾಸಿಡರುಗಳಲ್ಲಿರುವಂಥ ಲ್ಯೂಕಾಸ್ ಮಾದರಿಯ ಡೈನಮೋವಿಗೆ ‘ಡಿ’ ಮತ್ತು ‘ಎಫ್’ ಎಂಬ ಎರಡು ಕೊನೆಗಳಿರುತ್ತವೆ. ದಪ್ಪನೆಯದು ‘ಡಿ’, ತೆಳ್ಳನೆಯದು ‘ಎಫ್’. ಎರಡೂ ತಂತಿಗಳನ್ನು ಕಳಚಿ, ಡೈನಮೋವಿನ ಆ ಎರಡು ಕೊನೆಗಳನ್ನು ಚಿಕ್ಕದೊಂದು ತಂತಿಯಿಂದ ಪರಸ್ಪರ ಕೂಡಿಸಬೇಕು. ಮೀಟರಿನ ಒಂದು ಕಡ್ಡಿ ಆ ತಂತಿಗೆ, ಇನ್ನೊಂದು ಡೈನಮೋವಿನ ಒಡಲಿಗೆ. ಎಂಜಿನ್ನನ್ನು ಓಡಿಸಿ ವೇಗವನ್ನು ನಿಧಾನವಾಗಿ ಏರಿಸಿದಂತೆ ವೋಲ್ಟೇಜು ತಡವರಿಸದೆ ಏರಬೇಕು. 20 ವೋಲ್ಟು ಮುಟ್ಟಿದೊಡನೆ ನಿಲ್ಲಿಸಿಬಿಡಬೇಕು, ಎಂಜಿನ್ನನ್ನು ಬೊಬ್ಬೆಹೊಡೆಸಬಾರದು. ಏನೂ ಬಾರದಿದ್ದರೆ ಮೊದಲು ಕಾರ್ಬನ್ ಬ್ರಷ್ಷುಗಳನ್ನು ನೋಡಬೇಕು. ಸವೆದು ಗಿಡ್ಡವಾಗಿರುತ್ತವೆ, ಇಲ್ಲವೇ ಗೂಡಿನಲ್ಲಿ ಸಿಕ್ಕಿಕೊಂಡಿರುತ್ತವೆ. ಅರ್ಧದಿಂದ ಒಂದು ವೋಲ್ಟಷ್ಟೇ ಬಂದರೆ ಫೀಲ್ಡ್ ಸುರುಳಿಯ ದೋಷ. ನಾಲ್ಕೈದು ವೋಲ್ಟಿಗೆ ನಿಂತರೆ ಆರ್ಮೇಚರಿನ ದೋಷವೆಂದು ಊಹಿಸಬಹುದು. ಡೈನಮೋ ಸರಿಯಾಗಿಯೇ ಏರಿದರೆ ತಪ್ಪು ಅದರದಲ್ಲ; ತಂತಿಗಳದು ಅಥವಾ ಕಟೌಟು-ರೆಗ್ಯುಲೇಟರುಗಳಿರುವ ಪೆಟ್ಟಿಗೆಯದು. ಆ ಪೆಟ್ಟಿಗೆಯೊಳಗಿನ ತಿರುಪುಗಳನ್ನು ಮಾತ್ರ ಅನುಭವಿಗಳಿಗೇ ಬಿಡತಕ್ಕದ್ದು.

ಈ ಪರೀಕ್ಷೆ ಡೈನಮೋವಿಗೆ ಮಾತ್ರ. ಆಲ್ಟರ್ನೇಟರಿನ ತಂತಿಗಳನ್ನು ಎಂಜಿನ್ನು ಓಡುವಾಗ ಮುಟ್ಟಲಾಗದು. ‘ಓಡುತ್ತಿರುವಾಗ ಬ್ಯಾಟರಿಯ ತಂತಿ ಬಿಚ್ಚಿ ನೋಡಿ, ಎಂಜಿನ್ನು ನಿಲ್ಲದಿದ್ದರೆ ಚಾರ್ಜು ಸರಿಯಿದೆ’ ಎಂಬ ಉಪದೇಶವನ್ನು ಇಂದಿಗೂ ಕೆಲವರು ನೀಡುವುದುಂಟು. ಅದನ್ನು ವಾಚಕರು ಎಂದಿಗೂ ಪಾಲಿಸಬಾರದು. ಬ್ಯಾಟರಿ ಕಳಚಿದ ಕ್ಷಣದಲ್ಲಿ ಆಲ್ಟರ್ನೇಟರಿನ ವೋಲ್ಟೇಜು ಹಠಾತ್ತನೆ ಚಿಮ್ಮಿ ಡಯೋಡುಗಳನ್ನೂ ರೆಗ್ಯುಲೇಟರನ್ನೂ ಸುಡಬಲ್ಲುದು. ಮನೆಯ ಕಾರಿಗೆ ವೆಲ್ಡಿಂಗು ಮಾಡಿಸುವಾಗಲೂ ಇದೇ ಕಾರಣಕ್ಕಾಗಿ ಮೊದಲು ಬ್ಯಾಟರಿಯ ಮತ್ತು ಆಲ್ಟರ್ನೇಟರಿನ ತಂತಿಗಳನ್ನು ಕಳಚಿಸಬೇಕು.

ಕಾಣದ ಸೋರಿಕೆ

ಬ್ಯಾಟರಿಯೂ ಸರಿ, ಚಾರ್ಜೂ ಸರಿ. ಆದರೂ ಮೂರು ದಿನ ನಿಂತ ಕಾರು ಹೊರಡದು. ಆಗ ಸೋರಿಕೆಯನ್ನು ಹುಡುಕಬೇಕು. ಕೀಲಿ ತೆಗೆದು, ಬಾಗಿಲು ಮುಚ್ಚಿ, ಬ್ಯಾಟರಿಯ ಅರ್ತ್ ತಂತಿಯನ್ನು ಬಿಚ್ಚಿ, ಆ ತಂತಿಗೂ ಧ್ರುವಕ್ಕೂ ನಡುವೆ ಮೀಟರನ್ನು ಹತ್ತು ಆಂಪಿಯರಿನ ಅಳತೆಯಲ್ಲಿ ಸೇರಿಸಬೇಕು. ಮೀಟರು ಹೀಗಿರುವಾಗ ಮರೆತು ಸ್ಟಾರ್ಟು ಮಾಡಿದರೆ ಅದು ಸುಟ್ಟುಹೋಗುತ್ತದೆ.

ಹಳೆಯ ಕಾರಿನಲ್ಲಿ ಗಡಿಯಾರವೊಂದನ್ನು ಬಿಟ್ಟರೆ ಮಲಗಿದಾಗ ಉಣ್ಣುವವರು ಯಾರೂ ಇಲ್ಲ. 50 ಮಿಲಿ ಆಂಪಿಯರಿಗಿಂತ ಹೆಚ್ಚು ತೋರಿದರೆ ಶಂಕೆಗೆ ಎಡೆಯಿದೆ. ಲೆಕ್ಕ ಹಾಕಿ ನೋಡೋಣ. ಡಿಕ್ಕಿಯೊಳಗೆ ಆರದೆ ಉಳಿದ 5 ವಾಟಿನ ಬಲ್ಬು ಸುಮಾರು 0.4 ಆಂಪಿಯರು ಎಳೆಯುತ್ತದೆ. ದಿನಕ್ಕೆ ಹತ್ತು ಆಂಪಿಯರ್-ಗಂಟೆ. ಸುಮಾರು 45 ಆಂಪಿಯರ್-ಗಂಟೆಯ ಬ್ಯಾಟರಿ ಮೂರು ದಿನಗಳಲ್ಲಿ ಸ್ಟಾರ್ಟರಿನ ಕೈಗೆ ಸಿಗದಷ್ಟು ಬಡವಾಗುತ್ತದೆ. ಫ್ಯೂಸುಗಳನ್ನು ಒಂದೊಂದಾಗಿ ತೆಗೆಯುತ್ತ ಹೋದರೆ ಯಾವುದನ್ನು ತೆಗೆದಾಗ ಅಂಕೆ ಬೀಳುವುದೋ ಆ ದಾರಿಯಲ್ಲಿ ಕಳ್ಳನಿದ್ದಾನೆ. ಹಳೆಯ ಅಂಬಾಸಿಡರಿನಲ್ಲಿ ಫ್ಯೂಸುಗಳು ಬೆರಳೆಣಿಕೆಯಷ್ಟೇ ಆದುದರಿಂದ, ಫ್ಯೂಸಿನ ಹೊರಗೆ ಹೋಗುವ ತಂತಿಗಳನ್ನೂ, ಆಮೇಲೆ ಜೋಡಿಸಿದ ಸಂಗೀತ ಪೆಟ್ಟಿಗೆ, ಹಾರ್ನುಗಳನ್ನೂ ಬೇರೆಯಾಗಿ ನೋಡಬೇಕು. ಆಲ್ಟರ್ನೇಟರಿನ ಕೆಟ್ಟ ಡಯೋಡೂ ಇಂಥ ಕಳ್ಳನೇ.

ಮಕ್ಕಳು ಪರದೇಶದಲ್ಲಿದ್ದು, ಅವರು ರಜೆಗೆ ಬಂದಾಗ ಮಾತ್ರ ಹೊರಡುವ ಕಾರುಗಳು ನಮ್ಮಲ್ಲಿ ಎಷ್ಟೋ ಇವೆ. ಸೋರಿಕೆಯಿಲ್ಲದಿದ್ದರೂ ಬ್ಯಾಟರಿ ತಾನಾಗಿಯೇ ಕರಗುತ್ತದೆ, ಸೆಖೆಯಲ್ಲಿ ಇನ್ನೂ ಬೇಗ. ಬರಿದಾಗಿ ಬಹುಕಾಲ ನಿಂತ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾಗಿ ಕುಳಿತು ಮತ್ತೆ ಕರಗದಾಗುತ್ತದೆ. ಅಂಥ ಕಾರಿನ ಅರ್ತ್ ತಂತಿಯನ್ನು ಬಿಚ್ಚಿಟ್ಟು, ತಿಂಗಳಿಗೊಮ್ಮೆ ಚಾರ್ಜರಿನಿಂದ ಬ್ಯಾಟರಿಯನ್ನು ಪೂರ್ತಿ ತುಂಬುವುದು ಉತ್ತಮ. ಅಂಗಳದಲ್ಲಿ ಐದು ನಿಮಿಷ ಎಂಜಿನ್ನು ಓಡಿಸಿ ನಿಲ್ಲಿಸುವುದರಿಂದ ಪ್ರಯೋಜನ ಅಲ್ಪ.

ಆದಾಯ-ವೆಚ್ಚದ ಲೆಕ್ಕ

ಕೆಲವು ಕಾರುಗಳಲ್ಲಿ ಯಾವ ಭಾಗವೂ ಕೆಟ್ಟಿರುವುದಿಲ್ಲ. ಆದಾಯಕ್ಕಿಂತ ವೆಚ್ಚ ಹೆಚ್ಚಾಗಿರುತ್ತದೆ. ಹಳೆಯ ಡೈನಮೋ ಹೆಚ್ಚೆಂದರೆ ಸುಮಾರು 22 ಆಂಪಿಯರು ಕೊಡಬಲ್ಲುದು, ಅದೂ ಒಳ್ಳೆಯ ವೇಗದಲ್ಲಿ. ಆಷಾಢದ ರಾತ್ರಿಯ ಪ್ರಯಾಣವನ್ನು ಊಹಿಸಿಕೊಳ್ಳಿ. 45 ವಾಟಿನ ಎರಡು ಹೆಡ್‌ಲೈಟುಗಳು ಮತ್ತು ಹಿಂದುಮುಂದಿನ ಚಿಕ್ಕ ದೀಪಗಳಿಗೆ ಒಂಬತ್ತು-ಹತ್ತು ಆಂಪಿಯರು. ವೈಪರಿಗೆ ಸುಮಾರು ಮೂರು. ಇಗ್ನಿಷನ್ ಕಾಯಿಲಿಗೆ ಮೂರು. ಬ್ರೇಕು ತುಳಿದಾಗಲೆಲ್ಲ ಇನ್ನೂ ಮೂರೂವರೆ. ಹತ್ತೊಂಬತ್ತರ ಸಮೀಪಕ್ಕೆ ಬಂದಾಯಿತು. ಉಳಿತಾಯ ಹೆಚ್ಚೇನಿಲ್ಲ. ಇದರ ಮೇಲೆ 55 ವಾಟಿನ ಎರಡು ಮಂಜುದೀಪಗಳನ್ನು ಕಟ್ಟಿದರೆ ಇನ್ನೂ ಒಂಬತ್ತು ಆಂಪಿಯರು ವೆಚ್ಚ; ಸಾಲ ಮಾಡಿದಂತೆಯೇ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವೆಂಬ ಗಾದೆ ಇಂಥ ಕಾರಿಗೇ ಒಪ್ಪುತ್ತದೆ.

ಹೆದ್ದಾರಿಯ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡಾಗ ಸ್ಥಿತಿ ಇನ್ನೂ ಕಠಿಣ. ನಿಧಾನ ಓಟದಲ್ಲಿ ಡೈನಮೋ ಬಹುಮಟ್ಟಿಗೆ ಏನನ್ನೂ ಕೊಡುವುದಿಲ್ಲ. 15 ಆಂಪಿಯರಿನಂತೆ ಅರ್ಧ ಗಂಟೆಗೆ ಏಳೂವರೆ ಆಂಪಿಯರ್-ಗಂಟೆಯನ್ನು ಬ್ಯಾಟರಿಯೇ ತೆರಬೇಕು. ಆಲ್ಟರ್ನೇಟರು ಡೈನಮೋವನ್ನು ಹಿಂದಿಕ್ಕಿದುದಕ್ಕೆ ಮುಖ್ಯ ಕಾರಣ ಇಲ್ಲಿದೆ: ಅದು ನಿಧಾನ ಓಟದಲ್ಲಿಯೂ ಸಾಕಷ್ಟು ಉತ್ಪಾದಿಸುತ್ತದೆ. ಡೈನಮೋ ಕಾರಿನವರು ಸಾಲಿನಲ್ಲಿ ನಿಂತಿರುವಾಗ ಹೆಡ್‌ಲೈಟನ್ನು ಆರಿಸಿ ಚಿಕ್ಕ ದೀಪಗಳನ್ನಷ್ಟೇ ಉಳಿಸುವುದು, ಸಾಲು ಕದಲಿದೊಡನೆ ಮತ್ತೆ ಹಾಕಿಕೊಳ್ಳುವುದು ಜಾಣತನ.

ಕಾರ್ಯಾಗಾರದಲ್ಲಿ

ಇಷ್ಟಾದ ಮೇಲೂ ದೋಷ ಉಳಿದರೆ ವಿದ್ಯುತ್ ಕೆಲಸ ಬಲ್ಲವರ ಬಳಿಗೆ ಹೋಗಲೇಬೇಕು. ಅಲ್ಲಿ ‘ಚಾರ್ಜು ಆಗುವುದಿಲ್ಲ’ ಎಂದಷ್ಟೇ ಹೇಳಿದರೆ ಎಲ್ಲವನ್ನೂ ಬಿಚ್ಚಲು ಅಪ್ಪಣೆ ಕೊಟ್ಟಂತೆ. ಅದರ ಬದಲು ಒಂದು ಕಾಗದದ ತುಂಡಿನಲ್ಲಿ ಐದು ಅಂಕೆಗಳನ್ನು ಬರೆದೊಯ್ಯಿರಿ: ರಾತ್ರಿ ಕಳೆದ ಮೇಲಿನ ವೋಲ್ಟೇಜು, ಸ್ಟಾರ್ಟು ಮಾಡುವಾಗಿನದು, ಮಧ್ಯಮ ವೇಗದಲ್ಲಿ ದೀಪವಿಲ್ಲದೆ, ಅದೇ ವೇಗದಲ್ಲಿ ದೀಪ ಹಾಕಿ, ಮತ್ತು ಕಾರು ಮಲಗಿದಾಗಿನ ಸೋರಿಕೆ. ಜೊತೆಗೆ ಕೆಂಪು ದೀಪ ಯಾವಾಗ ಉರಿಯಿತು, ಯಾವಾಗ ಆರಿತು ಎಂಬುದು. ನಮ್ಮ ಊರುಗಳ ಕಾರ್ಯಾಗಾರಗಳಲ್ಲಿ ಒಬ್ಬರು ಮಲಯಾಳ, ಒಬ್ಬರು ತುಳು, ಇನ್ನೊಬ್ಬರು ಕನ್ನಡ ಆಡುವುದು ವಾಡಿಕೆ; ಹಿರಿಯರು ಹೇಳಿದ್ದು ಕಿರಿಯ ಕೆಲಸಗಾರನಿಗೆ ಅರ್ಥವಾಗದೆ ಹೋಗುವುದೂ ಉಂಟು. 12.2 ಎಂಬುದು ಮಾತ್ರ ಎಲ್ಲರ ಭಾಷೆಯಲ್ಲಿಯೂ 12.2 ಆಗಿಯೇ ಇರುತ್ತದೆ.

ಮೆಕಾನಿಕ್ ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ಮನೆಗೆ ಬಂದು ಅದೇ ಐದು ಅಂಕೆಗಳನ್ನು ಮತ್ತೊಮ್ಮೆ ಅಳೆದು ಹಿಂದಿನವುಗಳ ಪಕ್ಕದಲ್ಲಿ ತಾರೀಕಿನೊಡನೆ ಬರೆದಿಡಿ. ಆರು ತಿಂಗಳಿಗೊಮ್ಮೆ, ವಿಶೇಷವಾಗಿ ಮೇ ತಿಂಗಳ ಕೊನೆಯಲ್ಲಿ ಮಳೆ ಹಿಡಿಯುವ ಮುನ್ನ, ಹೀಗೆ ಮಾಡುತ್ತ ಬಂದರೆ ಬ್ಯಾಟರಿ ಸೋಲುವ ಮೊದಲೇ ಅಂಕೆಗಳು ಇಳಿಯುತ್ತಿರುವುದು ಕಾಣಸಿಗುತ್ತದೆ. ಈ ಕೆಲಸವನ್ನು ಮನೆಯ ಯಜಮಾನರೇ ಮಾಡಬೇಕೆಂಬ ನಿಯಮವೇನೂ ಇಲ್ಲ. ಪ್ರೌಢಶಾಲೆಯಲ್ಲಿ ವಿಜ್ಞಾನ ಓದುವ ಹುಡುಗಿಗೋ ಹುಡುಗನಿಗೋ ಮೀಟರನ್ನು ಕೊಟ್ಟು, ಮೇಲಿನ ಎಚ್ಚರಿಕೆಗಳನ್ನು ತಿಳಿಸಿ, ದೊಡ್ಡವರೊಬ್ಬರು ಪಕ್ಕದಲ್ಲಿ ನಿಂತರಾಯಿತು. ಪುಸ್ತಕದಲ್ಲಿ ಓದಿದ ವೋಲ್ಟು ಆಂಪಿಯರುಗಳು ಅಂಗಳದಲ್ಲಿಯೇ ಕೈಗೆ ಸಿಕ್ಕಿದಂತಾಗುತ್ತದೆ. ಕಾರೂ ರಾತ್ರಿ ಕರೆದಾಗ ಓಗೊಡುತ್ತದೆ.